ಮಣ್ಣುಂಡೆ ಹೊತ್ತವನ ಪಂಚಾಯ್ತಿ

ಊರಿನ ಎಲ್ಲೆ ಯಾವುದು ಅಂದರೆ ಇವತ್ತು ಪಂಚಾಯ್ತಿ ಆಫೀಸಿನಲ್ಲಿ ನಕ್ಷೆ ಬಿಚ್ಚುತ್ತಾರೆ. ಹಳೇ ಮೈಸೂರಲ್ಲಿ ಕುಳವಾಡಿಯನ್ನು ಕರೆಸುತ್ತಿದ್ದರು. ಕುಳವಾಡಿ ಅಂದರೆ ಹೊಲಗೇರಿಯವನು. ಎಲ್ಲೆ ಜಗಳ ಬಿದ್ದಾಗ ಊರ ಮಣ್ಣಿನ ಉಂಡೆ, ಅದರ ನಡುವೆ ನೀರು, ತಲೆ ಮೇಲೆ ಹೊತ್ತು ಅವನು ಗಡಿಯುದ್ದಕ್ಕೂ ನಡೆಯಬೇಕು. ಹೆಜ್ಜೆ ತಪ್ಪಿದರೆ ಉಂಡೆ ತಾನಾಗೇ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಮನೆ ಹಾಳು ಬೀಳುತ್ತದೆ ಅಂತ ನಂಬಿಕೆ. 1873ರಲ್ಲಿ ಮೆಕೆಂಜಿ ಎಂಬ ಇಂಗ್ಲಿಷ್ ಅಧಿಕಾರಿ ಇದನ್ನು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಬರೆದಿಟ್ಟ. ಇದನ್ನು ಗೌರವ ಅನ್ನುವವರೂ ಇದ್ದಾರೆ. ಎಂಥ ಗೌರವ! ಭೂಮಿ ಊರಿನವರದು, ಸಾವು ಕೇರಿಯದು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ಪಂಚಾಯ್ತಿಗಳ ಚರಿತ್ರೆ ಬರೆಯುವವರು ಈ ಉಂಡೆಯಿಂದಲೇ ಶುರುಮಾಡಬೇಕು.

1959ರ ಕಾಯ್ದೆ ಪಂಚಾಯ್ತಿ ಕೊಟ್ಟಿತು. 1961ರ ಕಾಯ್ದೆ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ, ತೋಟಿ ಚಾಕರಿ ಎಲ್ಲವನ್ನೂ ರದ್ದು ಮಾಡಿತು. ಆದರೆ ಎಷ್ಟೋ ಊರಲ್ಲಿ ಪಟೇಲರ ಮನೆತನವೇ ಚೇರ್ಮನ್ ಕುರ್ಚಿಗೆ ಬಂದು ಕುಂತಿತು. ತೋಟಿಯ ಮಗ ಬಾಗಿಲಲ್ಲೇ ನಿಂತ. ಅಬ್ದುಲ್ ನಜೀರ್ ಸಾಬರು ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು ಮಂಡಲ ಪಂಚಾಯ್ತಿಗಳು ಬಂದವು. ಮಂಡಲಕ್ಕೆ ಎಂಟರಿಂದ ಹನ್ನೆರಡು ಸಾವಿರ ಜನ, ಹೆಂಗಸರಿಗೆ ಶೇ. 25 ಸ್ಥಾನ. 1993ರಲ್ಲಿ ಮಂಡಲ ಒಡೆದು ಐದರಿಂದ ಏಳು ಸಾವಿರದ ಗ್ರಾಮ ಪಂಚಾಯ್ತಿ ಆಯ್ತು, ಅಧ್ಯಕ್ಷ ಸ್ಥಾನಕ್ಕೂ ಮೀಸಲಾತಿ ಬಂತು. ಇದು ಸಣ್ಣ ಗೆಲುವಲ್ಲ.

ಆದರೂ ಗೆರೆ ಎಳೆದವರು ತಲೆ ಎಣಿಸಿದರು, ಕೇರಿ ಎಣಿಸಲಿಲ್ಲ. ನಾನೂರು ಜನಕ್ಕೆ ಒಬ್ಬ ಸದಸ್ಯ. ನಾಲೆ ನೀರಿನ ಕೆ.ಆರ್.ನಗರದಲ್ಲಿ ಕೇರಿಯವರು ಕೂಲಿ ಕೊಡುವವನ ಎದುರಿಗೇ ಗ್ರಾಮಸಭೆಯಲ್ಲಿ ಬಾಯಿ ಬಿಡಬೇಕು. ಉಳಿದ ಮೂರು ತಾಲ್ಲೂಕುಗಳ ಕಾಡಂಚಿನಲ್ಲಿ ಜೇನುಕುರುಬರ ಹಾಡಿಗಳಿವೆ. ನಾಗರಹೊಳೆಯ ಕಾಡಿನಿಂದ ಎಬ್ಬಿಸಿದವರು ಹುಣಸೂರಿನ ನಾಗಾಪುರದಂಥ ಕಡೆ ಇದ್ದಾರೆ. ಮೂವತ್ತು ನಲವತ್ತು ಮನೆಯ ಹಾಡಿ ದೊಡ್ಡ ಊರಿನ ಬಾಲಕ್ಕೆ ಅಂಟಿಕೊಂಡರೆ ಅದರ ಓಟು ಯಾವ ಲೆಕ್ಕ?

ಆದಿವಾಸಿ ಗ್ರಾಮಸಭೆಗೆ ಬಲ ಕೊಟ್ಟ 1996ರ ಪೆಸಾ ಕಾಯ್ದೆ ಅನುಸೂಚಿತ ಪ್ರದೇಶಗಳಿಗೆ ಮಾತ್ರ. ಕರ್ನಾಟಕದಲ್ಲಿ ಅಂಥ ಪ್ರದೇಶವನ್ನೇ ಘೋಷಿಸಿಲ್ಲ, ಹಾಗಾಗಿ ಕಾಯ್ದೆ ಕೊಡಗಿನ ಈಚೆಗೂ ಇಲ್ಲ, ಆಚೆಗೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡೊಳಗಿನ ಹಳೇ ವಸತಿಯನ್ನೂ ಗ್ರಾಮ ಅಂತ ಒಪ್ಪಿತು. 2015ರ ತಿದ್ದುಪಡಿ ಇನ್ನೂ ಕೆಳಗಿಳಿದು ಜನವಸತಿ ಸಭೆ ಅಂತ ಬರೆಯಿತು: ವಾರ್ಡ್ ಸಭೆಗಿಂತ ಮೊದಲು ಕೇರಿ ಕೇರಿಯಲ್ಲೇ, ಹಾಡಿ ಹಾಡಿಯಲ್ಲೇ ಜನ ಕೂರಬಹುದು.

ಊರ ಮೇಷ್ಟ್ರುಗಳೇ, ಹುಡುಗರೇ, ನಿಮ್ಮ ಪಂಚಾಯ್ತಿಗೆ ಹೋಗಿ ಆ ಸಭೆಯ ನಡಾವಳಿ ಪುಸ್ತಕ ಕೇಳಿ. ಯಾವ ಕೇರಿಯಲ್ಲಿ ಕೂತಿದ್ದರು, ಯಾವ ತಾರೀಕು, ಯಾರು ಹೆಬ್ಬೆಟ್ಟು ಒತ್ತಿದರು ಅಂತ ನೋಡಿ.