ಬೆಳವಣಿಗೆ ಹಾರ್ಮೋನಿನ ಪರೀಕ್ಷೆ ಮತ್ತು ಮಗುವಿನ ತೂಕ: ಒಂದು ಚಾರಿತ್ರಿಕ ಟಿಪ್ಪಣಿ

ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಕಡೆ ಮಗು ಕುಳ್ಳಗಿದ್ದರೆ ಮನೆಯವರು ಮೊದಲು ಹೇಳೋದು ‘ಅವರಪ್ಪನ ಹಾಗೆ’ ಅಂತ. ಚಿಂತೆ ಹೆಚ್ಚಾದರೆ ಅನಂತಪುರಕ್ಕೋ ಬೆಂಗಳೂರಿಗೋ ಹೋಗಿ ರಕ್ತಪರೀಕ್ಷೆ ಮಾಡಿಸ್ತಾರೆ. ವರದಿಯಲ್ಲಿ ಒಂದು ಅಂಕಿ ಬರುತ್ತದೆ. ಆ ಅಂಕಿಯನ್ನು ಮಗುವಿನ ತೂಕವೂ ಏರಿಳಿಸುತ್ತದೆ ಎಂಬ ತಿಳಿವಳಿಕೆ ಹೇಗೆ ಬಂತು, ಪರೀಕ್ಷೆಯ ನಿಯಮದೊಳಗೆ ಎಷ್ಟು ಸೇರಿತು ಅನ್ನೋದೇ ಇವತ್ತಿನ ವಿಷಯ.

1958ರಲ್ಲಿ ಮಾರಿಸ್ ರಾಬೆನ್, ಮೃತದೇಹದ ಪಿಟ್ಯುಟರಿ ಗ್ರಂಥಿಯಿಂದ ತೆಗೆದ ಹಾರ್ಮೋನು ಕೊಟ್ಟು ಒಬ್ಬ ಹುಡುಗನ ಎತ್ತರ ಹೆಚ್ಚಿದ್ದನ್ನು ವರದಿ ಮಾಡಿದರು. ಆದರೆ ರಕ್ತದಲ್ಲಿ ಅದನ್ನು ಅಳೆಯುವ ನಂಬಲರ್ಹ ದಾರಿ ಸಿಕ್ಕಿದ್ದು 1963ರಲ್ಲಿ, ಗ್ಲಿಕ್, ರಾತ್, ಯಾಲೊ, ಬರ್ಸನ್ ಅವರ ರೇಡಿಯೋ ಇಮ್ಯುನೊಅಸ್ಸೇಯಿಂದ. ಈ ಹಾರ್ಮೋನು ದಿನವಿಡೀ ಒಂದೇ ಸಮ ಹರಿಯೋದಿಲ್ಲ, ಬಿಟ್ಟುಬಿಟ್ಟು ಚಿಮ್ಮುತ್ತದೆ, ಹೆಚ್ಚಾಗಿ ನಿದ್ದೆಯಲ್ಲಿ. ಹಾಗಾಗಿ ಯಾವಾಗಲೋ ತೆಗೆದ ರಕ್ತದಿಂದ ಏನೂ ತಿಳಿಯದು. ಇನ್ಸುಲಿನ್, ಕ್ಲೋನಿಡೀನ್‌ನಂಥ ಔಷಧಿ ಕೊಟ್ಟು, ಹಾರ್ಮೋನನ್ನು ಕೆರಳಿಸಿ, ಸ್ವಲ್ಪ ಸ್ವಲ್ಪ ಹೊತ್ತಿಗೆ ರಕ್ತ ತೆಗೆದು, ಅತಿ ಹೆಚ್ಚಿನ ಮಟ್ಟ ಎಷ್ಟು ಅಂತ ನೋಡ್ತಾರೆ.

ಅಳತೆ ಸಿಕ್ಕ ದಶಕದಲ್ಲೇ ಎರಡು ತಿರುವುಗಳು ಕಂಡವು. ಸ್ಥೂಲಕಾಯದವರಲ್ಲಿ ಈ ಏರಿಕೆ ತೀರಾ ಕಡಿಮೆ. ಕೊಬ್ಬಿನ ಆಮ್ಲಗಳೂ ಹೆಚ್ಚಿದ ಇನ್ಸುಲಿನ್ನೂ ಸ್ರಾವವನ್ನು ತಗ್ಗಿಸುತ್ತವೆ, ಬಂದದ್ದೂ ರಕ್ತದಿಂದ ಬೇಗ ಹೋಗುತ್ತದೆ. ಇನ್ನೊಂದು ತುದಿಯಲ್ಲಿ, ಕೇಪ್‌ಟೌನ್‌ನಲ್ಲಿ ಪಿಮ್‌ಸ್ಟೋನ್ ಮತ್ತು ಸಂಗಡಿಗರು ಕ್ವಾಷಿಯೋರ್ಕರ್ ಮಕ್ಕಳಲ್ಲಿ ಹಾರ್ಮೋನು ಹೆಚ್ಚಿರುವುದನ್ನು ಕಂಡರು. ಊಟವಿಲ್ಲದ ದೇಹದಲ್ಲಿ ಪಿತ್ತಜನಕಾಂಗ ಹಾರ್ಮೋನಿಗೆ ಓಗೊಡುವುದಿಲ್ಲ. ಐಜಿಎಫ್-1 ಕುಸಿಯುತ್ತದೆ, ಪಿಟ್ಯುಟರಿ ಇನ್ನಷ್ಟು ಸುರಿಯುತ್ತದೆ, ಮಗು ಮಾತ್ರ ಬೆಳೆಯೋದಿಲ್ಲ. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೆ.ಎಸ್. ಜಯರಾವ್ 1974ರಲ್ಲಿ ಕ್ವಾಷಿಯೋರ್ಕರ್, ಮರಾಸ್ಮಸ್‌ಗಳ ಹುಟ್ಟನ್ನು ವಿವರಿಸುವಾಗ ಈ ಹಾರ್ಮೋನಿಗೂ ಒಂದು ಪಾತ್ರ ಕೊಟ್ಟರು.

ಇಷ್ಟು ಗೊತ್ತಿದ್ದೂ ನಿಯಮ ಬರೆಯುವಾಗ ತೂಕ ಹೊರಗೇ ಉಳಿಯಿತು. ಯಾಕೆ? ಗ್ರಂಥಿಯಿಂದ ತೆಗೆದ ಹಾರ್ಮೋನು ಸಿಗುವುದೇ ಅಪರೂಪವಾಗಿದ್ದಾಗ ಕೊರತೆಯ ಗಡಿಯನ್ನು ಬಿಗಿಯಾಗಿಟ್ಟಿದ್ದರು. ಆ ಹಾರ್ಮೋನು ಪಡೆದವರಲ್ಲಿ ಕ್ರೂಟ್ಸ್‌ಫೆಲ್ಟ್ ಯಾಕೋಬ್ ರೋಗ ಕಂಡು 1985ರಲ್ಲಿ ಅಮೆರಿಕದಲ್ಲಿ ವಿತರಣೆ ನಿಂತಿತು. ಅದೇ ವರ್ಷ ಪ್ರಯೋಗಾಲಯದಲ್ಲಿ ತಯಾರಾದ ಹಾರ್ಮೋನಿಗೆ ಅಲ್ಲಿ ಅನುಮತಿ ಸಿಕ್ಕಿತು. ಔಷಧಿ ಹೇರಳವಾದ ಮೇಲೆ ಗಡಿ ಅನೇಕ ಕಡೆ ಮಿಲಿಲೀಟರಿಗೆ 10 ನ್ಯಾನೋಗ್ರಾಂಗೆ ಏರಿತು. ಅಂದರೆ ಗಡಿ ಹಾಕಿದ್ದು ಬರೀ ಶರೀರಶಾಸ್ತ್ರ ಅಲ್ಲ, ಔಷಧಿಯ ದಾಸ್ತಾನೂ ಹೌದು.

2005ರಲ್ಲಿ ಇಟಲಿಯ ಸಂಶೋಧಕರು ವಯಸ್ಕರ ಒಂದು ಪರೀಕ್ಷೆಗೆ ಬಿಎಂಐ ಪ್ರಕಾರ ಮೂರು ಗಡಿ ಸೂಚಿಸಿದರು: ಲೀಟರಿಗೆ 11.5, 8, 4.2 ಮೈಕ್ರೋಗ್ರಾಂ. ತೂಕ ಹೆಚ್ಚಿದಂತೆ ಗಡಿ ಇಳಿಯುತ್ತದೆ. 2009ರಲ್ಲಿ ಸ್ಟಾನ್ಲಿ ಮತ್ತು ಸಂಗಡಿಗರು ಕುಳ್ಳ ಮಕ್ಕಳಲ್ಲೂ ಬಿಎಂಐ ಏರಿದಂತೆ ಹಾರ್ಮೋನಿನ ಮಟ್ಟ ಇಳಿಯುವುದನ್ನು ತೋರಿಸಿದರು. ತೂಕ ಸಹಜ ಮಿತಿಯಲ್ಲಿದ್ದರೂ ಹಾಗೇ. ಆದರೂ ಮಕ್ಕಳಿಗೆ ಎಲ್ಲರೂ ಒಪ್ಪಿದ ಅಂಥ ಮೆಟ್ಟಿಲುಗಳು ಬಂದಿಲ್ಲ.

ಈಗ ನಮ್ಮೂರಿಗೆ ಬರೋಣ. ಮಳೆ ಕೈಕೊಟ್ಟ ಕಡಲೆಕಾಯಿ ಹೊಲದ ಮನೆಯ ಸಣಕಲು ಮಗು, ಪೇಟೆಯ ಮನೆಯ ದಪ್ಪ ಮಗು, ಇಬ್ಬರೂ ಒಂದೇ ತಾಲ್ಲೂಕಿನಲ್ಲಿದ್ದಾರೆ. ಒಂದೇ ಗಡಿ ಹಿಡಿದು ಅಳೆದರೆ ದಪ್ಪ ಮಗುವಿಗೆ ಬೇಡದ ಚುಚ್ಚುಮದ್ದು ವರ್ಷಗಟ್ಟಲೆ ಬೀಳಬಹುದು. ಸಣಕಲು ಮಗುವಿಗೆ ‘ಹಾರ್ಮೋನು ಸರಿಯಿದೆ’ ಅಂತ ಹೇಳಿ, ಊಟದ ಮಾತೇ ಎತ್ತದೆ ಮನೆಗೆ ಕಳಿಸಬಹುದು.

ಚರ್ಚೆಯಲ್ಲಿ ಮೇಷ್ಟ್ರು ಕೇಳಿದರು: ‘ಹಾಗಾದ್ರೆ ದಪ್ಪ ಮಗುವಿಗೆ ಪರೀಕ್ಷೆಯೇ ಬೇಡವೇನಮ್ಮ?’ ಬೇಕು ಸಾರ್, ಆದರೆ ಅದೊಂದೇ ಸಾಲದು. ಬರೀ ತಿಂದು ದಪ್ಪವಾದ ಮಗು ಸಾಮಾನ್ಯವಾಗಿ ಎತ್ತರವಾಗೇ ಬೆಳೆಯುತ್ತದೆ. ದಪ್ಪಗಿದ್ದೂ ಎತ್ತರ ನಿಂತುಹೋಗಿದ್ದರೆ ಥೈರಾಯ್ಡ್, ಕಾರ್ಟಿಸಾಲ್ ನೋಡಬೇಕು. ವರ್ಷಕ್ಕೆ ಎಷ್ಟು ಸೆಂಟಿಮೀಟರು ಬೆಳೆದಿದೆ, ಐಜಿಎಫ್-1 ಎಷ್ಟು, ಮೂಳೆಯ ವಯಸ್ಸೆಷ್ಟು, ಎಲ್ಲವೂ ಬೇಕು. 1975ರಲ್ಲಿ ಐಸಿಡಿಎಸ್ ಶುರುವಾದ ಮೇಲೆ ನಮ್ಮ ಅಂಗನವಾಡಿಗಳು ತೂಕ ಬರೆದಿಡುತ್ತಾ ಬಂದಿವೆ. ಆ ಪುಸ್ತಕವೂ ವರದಿಯ ಪಕ್ಕದಲ್ಲಿರಲಿ ಅನ್ನೋದಷ್ಟೇ ನನ್ನ ಮಾತು.