ನಿಲ್ಲಲೊಂದು ಷರತ್ತು: ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ವೇದಾಂತ ಮಂದಿರದ ಐತಿಹ್ಯ

ಗೋಕರ್ಣದ ಆತ್ಮಲಿಂಗವನ್ನು ಗಣಪತಿ ನೆಲಕ್ಕಿಟ್ಟ. ಉಡುಪಿಯ ಕೃಷ್ಣ ಗೋಪೀಚಂದನದ ಗಡ್ಡೆಯೊಳಗಿಂದ ಮಧ್ವಾಚಾರ್ಯರಿಗೆ ದೊರೆತ. ನಮಗೆ ಪರಿಚಿತವಾದ ಇಂಥ ಸ್ಥಳಪುರಾಣಗಳಲ್ಲಿ ದೇವರು ಮೊದಲು ಬರುತ್ತಾನೆ, ಗುಡಿ ಆಮೇಲೆ ಏಳುತ್ತದೆ. ಆದರೆ ಸ್ಯಾನ್ ಫ್ರಾನ್ಸಿಸ್ಕೋದ ವೆಬ್‌ಸ್ಟರ್ ಬೀದಿಯಲ್ಲಿರುವ ಹಳೆಯ ಮಂದಿರದ ಐತಿಹ್ಯ ಹುಟ್ಟಿದ್ದು ಕಟ್ಟಿದವರ ಮನಶ್ಶುದ್ಧಿಯ ಪ್ರಶ್ನೆಯಿಂದ.

ವಿವೇಕಾನಂದರು 1900ರಲ್ಲಿ ಆ ನಗರದಲ್ಲಿ ಆರಂಭಿಸಿದ ವೇದಾಂತ ಸಂಘದ ಹೊಣೆ ಹೊರಲು ಶ್ರೀರಾಮಕೃಷ್ಣರ ನೇರ ಶಿಷ್ಯರಾದ ಸ್ವಾಮಿ ತ್ರಿಗುಣಾತೀತಾನಂದರು 1903ರಲ್ಲಿ ಬಂದರು. 1905ರ ಆಗಸ್ಟ್‌ನಲ್ಲಿ ಅಡಿಗಲ್ಲು ಬಿತ್ತು. ವಾಸ್ತುಶಿಲ್ಪಿ ಜೋಸೆಫ್ ಲಿಯೊನಾರ್ಡ್. 1906ರ ಜನವರಿಯಲ್ಲಿ ಮಂದಿರ ಸಮರ್ಪಣೆಯಾಯಿತು. ಎಳ್ಳಷ್ಟು ಸ್ವಾರ್ಥ ಸೇರಿದ್ದರೂ ಇದು ಬಿದ್ದುಹೋಗುತ್ತದೆ, ಗುರುವಿನ ಕಾರ್ಯವಾಗಿದ್ದರೆ ನಿಲ್ಲುತ್ತದೆ ಎಂದು ಸ್ವಾಮಿಗಳು ನುಡಿದಿದ್ದರೆಂದು ಸಂಘದ ಪರಂಪರೆ ಹೇಳುತ್ತದೆ. ಮೂರೇ ತಿಂಗಳಲ್ಲಿ, ಏಪ್ರಿಲ್ 18ರ ಮುಂಜಾನೆ ಭೂಮಿ ನಡುಗಿತು. ಬೆನ್ನಿಗೇ ಬೆಂಕಿ ಹೊತ್ತಿ ನಗರದ ಬಹುಭಾಗ ಬೂದಿಯಾಯಿತು. ಮಂದಿರ ಉಳಿಯಿತು.

ಬೆಂಕಿಯನ್ನು ಬಹುಮಟ್ಟಿಗೆ ವ್ಯಾನ್ ನೆಸ್ ರಸ್ತೆಯಲ್ಲೇ ತಡೆಯಲಾಯಿತು, ಮಂದಿರ ಅದರಾಚೆ ಪಶ್ಚಿಮಕ್ಕಿದೆ ಎಂದು ಇತಿಹಾಸಕಾರ ವಿವರಿಸಬಹುದು. ಆ ವಿವರಣೆ ಸರಿಯೇ. ಆದರೆ ಐತಿಹ್ಯದ ತಿರುಳು ಪವಾಡದಲ್ಲಿಲ್ಲ, ಷರತ್ತಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಗೀತೆ ಕರ್ತೃವಿನಿಂದ ಬಯಸುವ ನಿಷ್ಕಾಮತೆಯನ್ನು ಇಲ್ಲಿ ಮರದ ಕಟ್ಟಡವೊಂದಕ್ಕೆ ಆಧಾರವಾಗಿಸಲಾಗಿದೆ. ಪವಾಡ ಒಮ್ಮೆ ನಡೆದು ಮುಗಿಯುತ್ತದೆ; ಇಂಥ ಷರತ್ತನ್ನು ಅಲ್ಲಿಗೆ ಬರುವ ಪ್ರತಿ ತಲೆಮಾರೂ ಹೊಸದಾಗಿ ಪೂರೈಸಬೇಕು.

ಷರತ್ತು ಒಮ್ಮೆಗೇ ಮುಗಿಯುವುದಿಲ್ಲ ಎಂಬುದನ್ನು ಕಾಲಾನುಕ್ರಮವೂ ಬೆಂಬಲಿಸುತ್ತದೆ: ಕಟ್ಟುವ ಕೆಲಸ ಭೂಕಂಪದ ನಂತರವೂ ಮುಂದುವರಿಯಿತು. ಇಂದು ಮಂದಿರದ ಗುರುತೇ ಆಗಿರುವ ಗೋಪುರಗಳು ಭೂಕಂಪದ ವೇಳೆ ಇರಲಿಲ್ಲ; ಮೂರನೆಯ ಅಂತಸ್ತಿನೊಂದಿಗೆ ಅವು ಸೇರಿದ್ದು 1908ರ ಹೊತ್ತಿಗೆ. ಬಂಗಾಳದ ಗುಡಿ, ಕಾಶಿಯ ಶಿಖರ, ತಾಜಮಹಲಿನ ಗುಮ್ಮಟ, ಯುರೋಪಿನ ಕೋಟೆಯ ಬುರುಜು ಒಂದೇ ಸೂರಿನ ಮೇಲೆ ನಿಂತಿವೆ. ಶ್ರೀರಾಮಕೃಷ್ಣರ ಸರ್ವಧರ್ಮಸಮನ್ವಯವನ್ನು ಇಷ್ಟು ನೇರವಾಗಿ ಕಣ್ಣಿಗೆ ಕಾಣಿಸಿದ ಕಟ್ಟಡಗಳು ವಿರಳ.

1914ರ ಡಿಸೆಂಬರ್ 27ರಂದು ಇದೇ ಮಂದಿರದ ಸಭಾಂಗಣದಲ್ಲಿ, ಮನಸ್ಸು ಕದಡಿದ್ದ ಹಿಂದಿನ ಶಿಷ್ಯನೊಬ್ಬ ಬಾಂಬ್ ಎಸೆದ. ಅವನು ಸತ್ತ, ಗಾಯಗೊಂಡ ಸ್ವಾಮಿಗಳು 1915ರ ಜನವರಿ 10ರಂದು ದೇಹ ಬಿಟ್ಟರು. ಇದು ಐತಿಹ್ಯವನ್ನು ಸುಳ್ಳಾಗಿಸುವುದಿಲ್ಲ. ಸ್ವಾಮಿಗಳು ನಿಲ್ಲುತ್ತದೆಂದದ್ದು ಮಂದಿರವನ್ನು. ತಮ್ಮ ಜೀವಕ್ಕೆ ಅವರು ಆ ಮಾತಿನಲ್ಲಿ ಯಾವ ರಕ್ಷೆಯನ್ನೂ ಕೇಳಿಕೊಂಡಿರಲಿಲ್ಲ.