ಅಂಗಾಲಿನ ಕಪ್ಪು, ಕರುಳಿನ ಕಪ್ಪು

ವಿಶ್ವೇಶ್ವರಯ್ಯ ನಾಲೆಯ ನೀರು ಬಂದಂದಿನಿಂದ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ರೈತನ ಬದುಕು ಬಹುಪಾಲು ಕೆಸರಿನಲ್ಲಿ, ಬರಿಗಾಲಿನಲ್ಲಿ ನಡೆದಿದೆ. ಕಬ್ಬಿನ ಕೂಳೆ ಚುಚ್ಚುವುದು, ಆಣಿ ಏಳುವುದು ಇಲ್ಲಿ ಸುದ್ದಿಯೇ ಅಲ್ಲ. ಹೀಗಾಗಿ ಅಂಗಾಲಿನಲ್ಲಿ ಕಪ್ಪು ಮಚ್ಚೆಯೊಂದು ಹರಡುತ್ತಿದ್ದರೂ ಹಳೆಯ ಗಾಯವೆಂದು ಬಿಡುವುದುಂಟು. ಮೆಲನೋಮಾ ಎಂಬ ಈ ಕ್ಯಾನ್ಸರು ನಮ್ಮಲ್ಲಿ ವಿರಳ. ಬಂದರೆ ಬಿಸಿಲು ಕಾಣದ ಅಂಗಾಲು, ಉಗುರಿನ ಬುಡಗಳಲ್ಲೂ ಬರುತ್ತದೆ. ಬರಿಗಾಲೇ ಅದಕ್ಕೆ ಕಾರಣವೆಂದಲ್ಲ, ಆದರೆ ರೋಗ ಕಣ್ಣಿಗೆ ಬೀಳದಂತೆ ಮರೆಸುವುದು ಅದೇ.

ಈ ರೋಗದ ಚರಿತ್ರೆ ಶುರುವಾಗುವುದೇ ಮರುಕಳಿಕೆಯಿಂದ. 1787ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್, 35 ವರ್ಷದ ಒಬ್ಬನ ದವಡೆಯ ಬಳಿಯ ಗಡ್ಡೆಯನ್ನು ಕತ್ತರಿಸಿ ತೆಗೆದರು. ಮೊದಲೊಮ್ಮೆ ತೆಗೆದಿದ್ದು ಮತ್ತೆ ಬೆಳೆದ ಗಡ್ಡೆ ಅದು. ಅವರು ಕಾದಿಟ್ಟ ಆ ತುಣುಕು ಮೆಲನೋಮಾ ಎಂದು ಖಚಿತವಾದದ್ದು 1968ರಲ್ಲಿ! ಸ್ಟೆತಸ್ಕೋಪು ಕಂಡುಹಿಡಿದ ಫ್ರಾನ್ಸಿನ ಲೆನೆಕ್, 1804ರಲ್ಲೇ ಇದನ್ನು ಬೇರೆಯೇ ರೋಗವೆಂದು ವಿವರಿಸಿದ್ದರು.

ಚರ್ಮದಿಂದ ಹೊರಟ ಕಣಗಳು ರಕ್ತದ ಮೂಲಕ ಸಣ್ಣಕರುಳನ್ನು ಸೇರಿ, ಕೆಲವೊಮ್ಮೆ ಹತ್ತಾರು ವರ್ಷ ಕಳೆದ ಮೇಲೆ ಬೆಳೆಯುವುದುಂಟು. ಮರಣೋತ್ತರ ಪರೀಕ್ಷೆಗಳಲ್ಲಿ ಇದು ಎಷ್ಟೋ ಮಂದಿಯಲ್ಲಿ ಕಂಡಿದೆ. ಬದುಕಿದ್ದಾಗ ಪತ್ತೆಯಾಗುವುದು ನೂರಕ್ಕೆ ಐದರೊಳಗೆ. ಕಾರಣ ಸರಳ. ಸುಸ್ತು, ರಕ್ತಹೀನತೆ, ಆಗಾಗ ಹೊಟ್ಟೆನೋವು, ಟಾರಿನಂಥ ಕಪ್ಪು ಮಲ. ಇವನ್ನು ನಮ್ಮ ಜನ ಉಷ್ಣವೆಂದೋ ಮೂಲವ್ಯಾಧಿಯೆಂದೋ ತಿಳಿಯುತ್ತಾರೆ. ಇನ್ನೊಂದು ತೊಡಕೂ ಇದೆ: ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆಯೂ ಮಲವನ್ನು ಕಪ್ಪಾಗಿಸುತ್ತದೆ. ಒಳಗಿನ ರಕ್ತಸ್ರಾವ ಅದರ ಹಿಂದೆ ಅಡಗಿಬಿಡುತ್ತದೆ. ಕಾಲಿನ ಶಸ್ತ್ರಚಿಕಿತ್ಸೆ ಆಗಿ ಎಂಟು ವರ್ಷವಾದವರು ಹೊಟ್ಟೆನೋವಿಗೆ ಬಂದಾಗ ಕಾಲಿನ ಮಾತು ಎತ್ತುವುದಾದರೂ ಏಕೆ, ಅಲ್ಲವೇ? ಆದರೆ ವೈದ್ಯರು ಎಂಡೋಸ್ಕೋಪಿಗೋ ಸ್ಕ್ಯಾನಿಗೋ ಬರೆಯಬೇಕಾದರೆ ಆ ಹಳೆಯ ಚೀಟಿಯೇ ಬೇಕು.

ಹಿಂದೆ ಇಂಥ ರೋಗಿಗೆ ಬೆಂಗಳೂರೇ ಗತಿ. ಅಲ್ಲಿ ಕಿದ್ವಾಯಿ ಆಸ್ಪತ್ರೆ 1973ರಲ್ಲಿ ಆರಂಭವಾಯಿತು. ಮಂಡ್ಯಕ್ಕೆ ವೈದ್ಯಕೀಯ ಕಾಲೇಜು ಬಂದದ್ದು 2006ರಲ್ಲಿ. ಕರುಳಿನ ಕೆಟ್ಟ ಭಾಗವನ್ನು ಕತ್ತರಿಸಿ ಜೋಡಿಸಿದರೆ ರಕ್ತ ನಿಲ್ಲುತ್ತದೆ, ಊಟ ಸೇರುತ್ತದೆ. ಔಷಧವೆಂದರೆ 1975ರಿಂದ ಬಹುಕಾಲ ಡಕಾರ್ಬಜೀನ್ ಒಂದೇ ಮುಖ್ಯ ಆಸರೆಯಾಗಿತ್ತು. ಫಲ ಸಿಕ್ಕವರು ಕಡಿಮೆ. 2011ರಿಂದ ಈಚೆಗೆ ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಔಷಧಗಳು ಬಂದು, ಹರಡಿದ ರೋಗದಲ್ಲೂ ಕೆಲವರು ವರ್ಷಗಟ್ಟಲೆ ಬದುಕಿದ್ದಾರೆ. ಅವುಗಳ ಒಟ್ಟು ವೆಚ್ಚ ಮಾತ್ರ ಎರಡೆಕರೆ ಕಬ್ಬಿನ ಹಣಕ್ಕೆ ನಿಲುಕುವಂಥದ್ದಲ್ಲ.